ಅಪ್ಪಯ್ಯನ ಎದೆಯಲ್ಲಿ ಕರೆಂಟು ಸುತ್ತು ಹೊಡೀತಿದೆ ಅಂದರೆ ಏನು ಡಾಕ್ಟ್ರೇ?

ಓದುಗರ ಪ್ರಶ್ನೆ: ಡಾಕ್ಟ್ರೇ, ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಅಪ್ಪಯ್ಯನಿಗೆ ಈಗ 58. ನಾಲ್ಕು ವರ್ಷದ ಹಿಂದೆ ದೊಡ್ಡ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದರು. ಅವತ್ತಿನಿಂದ ಮಾತ್ರೆ ತಪ್ಪಿಸಿಲ್ಲ. ಹೋದ ತಿಂಗಳು ಅಡಿಕೆ ಕೊನೆ ಕೊಯ್ಲು ಮಾಡಿಸುತ್ತಾ ನಿಂತಿದ್ದವರು ತೋಟದಲ್ಲೇ ಬಿದ್ದರು. ಅರ್ಧ ನಿಮಿಷ ಪ್ರಜ್ಞೆ ಇರಲಿಲ್ಲ. ಆಮೇಲೆ ತಾವೇ ಎದ್ದು ಕೂತು "ಎಂತ ಆಯ್ತು?" ಅಂತ ಕೇಳಿದರು. ಶಿವಮೊಗ್ಗದಲ್ಲಿ ಮತ್ತೆ ಆಂಜಿಯೋಗ್ರಾಂ ಮಾಡಿದರು. ಸ್ಟೆಂಟ್ ಚೆನ್ನಾಗಿದೆ, ಹೊಸ ಬ್ಲಾಕ್ ಇಲ್ಲ ಅಂದರು. ಇಸಿಜಿಯಲ್ಲಿ ಹಳೇ ಅಟ್ಯಾಕಿನ ಗುರುತು ಬಿಟ್ಟರೆ ಹೊಸದೇನೂ ಇಲ್ಲ. ಎಕೋದಲ್ಲಿ ಇಎಫ್ 30, ಅಂದರೆ ಹೃದಯದ ಪಂಪಿನ ಬಲ ಕಡಿಮೆಯಂತೆ. 24 ಗಂಟೆ ಎದೆಗೆ ಕಟ್ಟಿ ಬಡಿತ ಬರೆದಿಡುವ ಹೋಲ್ಟರ್‌ನಲ್ಲಿ ಒಂದು ಕಡೆ 11 ಬಡಿತ ಒಟ್ಟಿಗೆ ಜೋರಾಗಿ ಓಡಿದೆಯಂತೆ. "ಕರೆಂಟು ಒಳಗೇ ಸುತ್ತು ಹೊಡೀತಿದೆ, ಐಸಿಡಿ ಅನ್ನುವ ಶಾಕ್ ಕೊಡುವ ಮಷೀನು ಎದೆಯಲ್ಲಿ ಹಾಕಿಸಿ, ತಡ ಮಾಡಬೇಡಿ" ಅನ್ನುತ್ತಾರೆ. ಚಿಕ್ಕಪ್ಪ ಮಾತ್ರ ಇದು ಬಿಸಿಲು, ಖಾಲಿ ಹೊಟ್ಟೆ, ಗ್ಯಾಸ್ ಅಷ್ಟೇ ಅಂತಾರೆ. ಆ ಮಷೀನು ಹಾಕಿಸಿಕೊಂಡರೆ ದಿನಾ ಶಾಕ್ ಹೊಡೆಯುತ್ತೆ ಅಂತ ಬೇರೆ ಯಾರೋ ಹೆದರಿಸಿದ್ದಾರೆ. ಮಾತ್ರೆಯಲ್ಲೇ ಆಗೋದಿಲ್ವಾ? ಇನ್ನೊಂದು ವಿಷಯ. ನನಗೆ 29 ವರ್ಷ. ನನಗೂ ಎದೆ ಒಮ್ಮೊಮ್ಮೆ ಧಸಕ್ ಅನ್ನುತ್ತೆ. ಹೆದರಿ ಹೋಲ್ಟರ್ ಮಾಡಿಸಿದೆ. ದಿನಕ್ಕೆ 1,200 ಎಕ್ಸ್‌ಟ್ರಾ ಬೀಟ್ ಅಂತ ಬಂತು, ಎಕೋ ನಾರ್ಮಲ್. ಅಪ್ಪಯ್ಯನಿಗೆ 11ಕ್ಕೇ ಮಷೀನು ಬೇಕಂದರೆ ನನ್ನ ಗತಿ ಏನು?

ಉತ್ತರ:

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಬರೀ ಲೆಕ್ಕ ನೋಡಿದರೆ ಹೆದರಬೇಕಾದವರು ನೀವು. ಆದರೆ ನನಗೆ ಯೋಚನೆ ಹತ್ತಿದ್ದು ಅಪ್ಪಯ್ಯನ 11ರ ಬಗ್ಗೆ, ನಿಮ್ಮ 1,200ರ ಬಗ್ಗೆ ಅಲ್ಲ. ಅದು ಯಾಕೆ ಅಂತ ತಿಳಿದರೆ ಐಸಿಡಿ ಬೇಕೋ ಬೇಡವೋ ಅನ್ನುವ ಪ್ರಶ್ನೆಯೂ ಬಹುಪಾಲು ಬಗೆಹರಿಯುತ್ತದೆ.

ಅಪ್ಪಯ್ಯನ ಇಸಿಜಿ, ಹೋಲ್ಟರ್ ಎರಡನ್ನೂ ನಾನು ಕಣ್ಣಾರೆ ನೋಡಿಲ್ಲ. ನೀವು ಬರೆದಿದ್ದರ ಮೇಲೆ ಹೇಳುವುದಾದರೆ, ನಿಮ್ಮ ಡಾಕ್ಟರು ದುಡುಕಿ ಹೇಳಿದ್ದಾರೆ ಅಂತ ನನಗೆ ಅನಿಸುವುದಿಲ್ಲ. ಹಳೇ ಹಾರ್ಟ್ ಅಟ್ಯಾಕ್, ಇಎಫ್ 30, ಮುನ್ಸೂಚನೆ ಇಲ್ಲದೆ ಬಿದ್ದದ್ದು, ಹೋಲ್ಟರ್‌ನಲ್ಲಿ ಓಟ. ಈ ನಾಲ್ಕೂ ಒಬ್ಬರಲ್ಲೇ ಸೇರಿದಾಗ ನಾನೂ ಅದನ್ನೇ ಹೇಳುತ್ತಿದ್ದೆ.

ಮೊದಲು ಚಿಕ್ಕಪ್ಪನ ಮಾತು. ಬಿಸಿಲಿಗೆ, ಖಾಲಿ ಹೊಟ್ಟೆಗೆ ಜನ ಬೀಳುವುದು ನಿಜ. ಆದರೆ ಹಾಗೆ ಬೀಳುವವರಿಗೆ ಸಾಮಾನ್ಯವಾಗಿ ಮೊದಲೇ ಗೊತ್ತಾಗುತ್ತದೆ. ಬೆವರು ಕಿತ್ತುಬರುತ್ತೆ, ಹೊಟ್ಟೆ ತೊಳಸುತ್ತೆ, ಕಣ್ಣಿಗೆ ಕತ್ತಲೆ ಕಟ್ಟುತ್ತೆ, ಎಲ್ಲಾದರೂ ಕೂತರೆ ಸಾಕು ಅನಿಸುತ್ತೆ. ಎದ್ದ ಮೇಲೂ ಒಂದಷ್ಟು ಹೊತ್ತು ಸುಸ್ತು. ಹೃದಯದ ಬಡಿತ ಕೆಟ್ಟು ಬೀಳುವವರ ಕಥೆ ಬೇರೆ. ಮಾತಾಡುತ್ತಾ ನಿಂತವರು ಇದ್ದಕ್ಕಿದ್ದಂತೆ ಬೀಳುತ್ತಾರೆ. ಬಡಿತ ಸರಿಹೋದ ತಕ್ಷಣ ಏನೂ ಆಗದವರಂತೆ ಎದ್ದು "ಎಂತ ಆಯ್ತು?" ಅಂತ ಕೇಳುತ್ತಾರೆ. ನಿಮ್ಮ ಅಪ್ಪಯ್ಯ ಕೇಳಿದ್ದು ಅದನ್ನೇ ಅಲ್ವಾ? ಈ ಎರಡರ ಗೆರೆ ಯಾವಾಗಲೂ ಇಷ್ಟು ಸ್ಪಷ್ಟವಾಗಿ ಇರುವುದಿಲ್ಲ, ಒಪ್ಪುತ್ತೇನೆ. ಆದರೆ ಇಎಫ್ 30 ಇರುವವರು ಬಿದ್ದರೆ, ಬಡಿತದ ತೊಂದರೆ ಅಲ್ಲ ಅಂತ ಖಾತ್ರಿಯಾಗುವ ತನಕ ಅದನ್ನು ಬಡಿತದ ತೊಂದರೆ ಅಂತಲೇ ಹಿಡಿಯಬೇಕು. ಗ್ಯಾಸಿಗೆ ಹೊಟ್ಟೆ ಉಬ್ಬರಿಸುತ್ತೆ, ಎದೆ ಉರಿಯುತ್ತೆ. ಅರ್ಧ ನಿಮಿಷ ಪ್ರಜ್ಞೆ ಹೋಗುವುದಿಲ್ಲ.

ಗ್ಯಾಸಿನ ಮಾತು ಬಂದಿದ್ದಕ್ಕೆ ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಮೆಡಿಕಲ್ ಶಾಪಿನಲ್ಲಿ ಗ್ಯಾಸಿಗೆ ಅಂತ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಡೊಂಪೆರಿಡೋನ್ ಸೇರಿರುತ್ತದೆ. ಹೃದಯದ ಕೋಶಗಳು ಒಂದು ಬಡಿತ ಮುಗಿಸಿ ಚೇತರಿಸಿಕೊಳ್ಳುವ ಸಮಯವನ್ನು ಅದು ಎಳೆಯುತ್ತದೆ. ಅಪ್ಪಯ್ಯನಂಥವರಿಗೆ ಅದು ಬೇಡ. ಅಜಿಥ್ರೊಮೈಸಿನ್‌ನಂಥ ಕೆಲವು ಆಂಟಿಬಯಾಟಿಕ್‌ಗಳೂ ಹೀಗೇ. ಮನೆಯ ಡಬ್ಬಿಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಪೊಟ್ಯಾಸಿಯಂ, ಮೆಗ್ನೀಸಿಯಂ ರಕ್ತಪರೀಕ್ಷೆ ಆಗಿದೆಯಾ ಅಂತಲೂ ಕೇಳಿ. ಕಾಲು ಬಾವಿಗೆ, ದಮ್ಮಿಗೆ ಅಂತ ನೀರಿನ ಮಾತ್ರೆ ತಗೊಳ್ಳುವವರಲ್ಲಿ ಇವೆರಡೂ ಸದ್ದಿಲ್ಲದೆ ಇಳಿಯುತ್ತವೆ. ಇಳಿದರೆ ಬಡಿತ ಕೆಡುವುದು ಸುಲಭ.

ಇನ್ನು ಸ್ಟೆಂಟ್. ಸ್ಟೆಂಟ್ ಚೆನ್ನಾಗಿದ್ದರೂ ಹೀಗಾಯಿತಲ್ಲ ಅನ್ನುವ ಸಂಕಟ ನಿಮ್ಮ ಪತ್ರದ ಉದ್ದಕ್ಕೂ ಇದೆ. ಸ್ಟೆಂಟ್ ರಕ್ತನಾಳವನ್ನು ತೆರೆದು ಇಡುತ್ತದೆ. ಆದರೆ ನಾಲ್ಕು ವರ್ಷದ ಹಿಂದೆ, ಅದನ್ನು ಹಾಕುವ ಮೊದಲು ಹೋದ ಗಂಟೆಗಳಲ್ಲಿ ಸತ್ತ ಸ್ನಾಯು ವಾಪಸ್ ಬರುವುದಿಲ್ಲ. ಆ ಜಾಗದಲ್ಲಿ ಈಗ ಗಟ್ಟಿ ಕಲೆ ಇದೆ. ಅಪ್ಪಯ್ಯನ ತೊಂದರೆ ಇರುವುದು ಆ ಕಲೆಯಲ್ಲಿ.

ಈಗ ಆ "ಕರೆಂಟು ಸುತ್ತು ಹೊಡೆಯುವ" ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಅವಸರದ ಒಪಿಡಿಯಲ್ಲಿ ಯಾರಿಗೂ ಇದನ್ನು ಕೂತು ಹೇಳಲು ಆಗುವುದಿಲ್ಲ.

ಪ್ರತಿ ಬಡಿತಕ್ಕೂ ಮೊದಲು ಹೃದಯದಲ್ಲಿ ಒಂದು ವಿದ್ಯುತ್ ಅಲೆ ಹರಿಯುತ್ತದೆ. ಬಲ ಮೇಲ್ಕೋಣೆಯಲ್ಲಿ ಸೈನಸ್ ನೋಡ್ ಅನ್ನುವ ಚಿಕ್ಕ ಜಾಗ ಇದೆ. ಅಲೆ ಹುಟ್ಟುವುದು ಅಲ್ಲಿ. ಮೇಲ್ಕೋಣೆಗಳನ್ನು ದಾಟಿ, ನಡುವೆ ಎವಿ ನೋಡ್‌ನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡೆದು, ಆಮೇಲೆ ಕೆಳಕೋಣೆಗಳಿಗೆ ಹರಡುತ್ತದೆ. ಅಲೆ ಅಂದರೆ ಒಂದು ಕೋಶ ಪಕ್ಕದ ಕೋಶವನ್ನು ಎಬ್ಬಿಸುವುದು, ಅದು ಅದರ ಪಕ್ಕದ್ದನ್ನು ಎಬ್ಬಿಸುವುದು. ಎದ್ದ ಕೋಶದೊಳಗೆ ಸೋಡಿಯಂ ನುಗ್ಗುತ್ತದೆ, ಹಿಂದೆಯೇ ಕ್ಯಾಲ್ಸಿಯಂ ಬರುತ್ತದೆ, ಕೋಶ ಕುಗ್ಗುತ್ತದೆ. ಕೊನೆಗೆ ಪೊಟ್ಯಾಸಿಯಂ ಹೊರಗೆ ಹೋಗಿ ಎಲ್ಲ ಮೊದಲಿನಂತಾಗುತ್ತದೆ. ಕೆಳಕೋಣೆಯ ಕೋಶಕ್ಕೆ ಇದಕ್ಕೆ ಸುಮಾರು ಕಾಲು ಸೆಕೆಂಡು ಬೇಕು. ಅಷ್ಟು ಹೊತ್ತು ಇನ್ನೊಂದು ಅಲೆ ಬಂದು ತಟ್ಟಿದರೂ ಅದು ಏಳುವುದಿಲ್ಲ.

ನಿಮ್ಮ ಕಡೆ ಬೇಸಿಗೆಯಲ್ಲಿ ಹುಲ್ಲು ಬೆಳೆಯುವ ಬ್ಯಾಣಕ್ಕೆ ಬೆಂಕಿ ಬೀಳುವುದನ್ನು ನೋಡಿಯೇ ಇರುತ್ತೀರಿ. ಬೆಂಕಿ ಒಣಹುಲ್ಲು ಇರುವ ಕಡೆಗೆ ಹೋಗುತ್ತದೆ, ಸುಟ್ಟ ಕಡೆಗೆ ತಿರುಗಿ ಬರುವುದಿಲ್ಲ. ಎರಡು ಕಡೆಯಿಂದ ಬಂದ ಬೆಂಕಿ ಎದುರಾದರೆ ಎರಡೂ ಅಲ್ಲೇ ಆರುತ್ತವೆ. ಹೃದಯದ ಅಲೆಯೂ ಹೀಗೇ. ಹೋದ ದಾರಿಯಲ್ಲಿ ತಕ್ಷಣ ವಾಪಸ್ ಬರಲು ಆಗುವುದಿಲ್ಲ. ಕೆಳಕೋಣೆಯ ತುದಿ ಮುಟ್ಟಿದಾಗ ಮುಂದೆ ಜಾಗ ಇಲ್ಲದೆ ಆರುತ್ತದೆ. ನಂತರ ಸೈನಸ್ ನೋಡ್ ಹೊಸ ಅಲೆ ಕಳಿಸುತ್ತದೆ. ವ್ಯತ್ಯಾಸ ಒಂದೇ. ಹುಲ್ಲು ಮತ್ತೆ ಚಿಗುರಲು ಮಳೆಗಾಲ ಬರಬೇಕು, ಹೃದಯದಲ್ಲಿ ಕಾಲು ಸೆಕೆಂಡು ಸಾಕು. ಅಪಾಯದ ಗುಟ್ಟು ಇರುವುದೂ ಈ ಕಾಲು ಸೆಕೆಂಡಿನಲ್ಲೇ. ಅಲೆಗೆ ಎಲ್ಲಾದರೂ ಸುತ್ತುದಾರಿ ಸಿಕ್ಕಿ, ಒಂದು ಸುತ್ತು ಮುಗಿಸುವಷ್ಟರಲ್ಲಿ ಹೊರಟ ಜಾಗ ಚೇತರಿಸಿಕೊಂಡಿದ್ದರೆ, ಅದು ಮತ್ತೆ ಅದೇ ದಾರಿ ಹಿಡಿಯುತ್ತದೆ. ಆಮೇಲೆ ಸೈನಸ್ ನೋಡ್‌ನ ಅಪ್ಪಣೆ ಬೇಕಿಲ್ಲ. ತಾನೇ ಸುತ್ತುತ್ತಿರುತ್ತದೆ.

ಗಟ್ಟಿಮುಟ್ಟಾದ ಹೃದಯದಲ್ಲಿ ಹೀಗೆ ಆಗುವುದು ಕಷ್ಟ. ಲೆಕ್ಕ ಹಾಕಿ ನೋಡೋಣ. ಒಳ್ಳೆಯ ಸ್ನಾಯುವಿನಲ್ಲಿ ಅಲೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಹೋಗುತ್ತದೆ. ಕೋಶ ಚೇತರಿಸಿಕೊಳ್ಳುವ ಕಾಲು ಸೆಕೆಂಡಿನಲ್ಲಿ ಅದು 12 ಸೆಂಟಿಮೀಟರ್‌ಗೂ ಜಾಸ್ತಿ ದೂರ ಹೋಗಿರುತ್ತದೆ. ಅಂದರೆ ಸುತ್ತುದಾರಿ ಕನಿಷ್ಠ ಅಷ್ಟು ಉದ್ದ ಇರಬೇಕು. ಮುಷ್ಟಿಯಷ್ಟಿರುವ ಹೃದಯದಲ್ಲಿ ಅಷ್ಟು ದೊಡ್ಡ ಸುತ್ತಿಗೆ ಜಾಗ ಸಿಗುವುದು ಸುಲಭ ಅಲ್ಲ. ಈಗ ಹಳೇ ಅಟ್ಯಾಕಿನ ಕಲೆಗೆ ಬನ್ನಿ. ಕಲೆ ಪೂರ್ತಿ ಸತ್ತ ಜಾಗವೇ ಆಗಿದ್ದರೆ ಅಷ್ಟು ತೊಂದರೆ ಇರುತ್ತಿರಲಿಲ್ಲ. ಆದರೆ ಅದರ ನಡುವೆ, ಅಂಚಿನಲ್ಲಿ, ಬದುಕುಳಿದ ಸ್ನಾಯುವಿನ ಸಣ್ಣ ಎಳೆಗಳು ಇರುತ್ತವೆ. ಅವುಗಳಲ್ಲಿ ಅಲೆ ಡೊಂಕು ಡೊಂಕಾಗಿ, ತೆವಳುತ್ತಾ ಹೋಗುತ್ತದೆ. ಸೆಕೆಂಡಿಗೆ 10 ಸೆಂಟಿಮೀಟರ್ ವೇಗ ಅಂತ ಇಟ್ಟುಕೊಳ್ಳಿ. ಆಗ ಎರಡೂವರೆ, ಮೂರು ಸೆಂಟಿಮೀಟರಿನ ಸುತ್ತು ಸಾಕು. ಅದು ಕಲೆಯೊಳಗೇ ಸಿಗುತ್ತದೆ. ಒಂದು ಸುತ್ತಿಗೆ 0.3 ಸೆಕೆಂಡು ಹಿಡಿದರೆ ನಿಮಿಷಕ್ಕೆ 200 ಸುತ್ತು. ಪ್ರತಿ ಸುತ್ತಿಗೂ ಅಲೆ ಕಲೆಯಿಂದ ಹೊರಗೆ ಬಂದು ಇಡೀ ಕೆಳಕೋಣೆಯನ್ನು ಎಬ್ಬಿಸುತ್ತದೆ. ಬಡಿತ ನಿಮಿಷಕ್ಕೆ 200 ಆಗುತ್ತದೆ. ಇದಕ್ಕೆ ನಾವು ವಿಟಿ ಅನ್ನುತ್ತೇವೆ.

ಸುತ್ತು ಶುರುವಾಗಲು ಒಂದು ಕಿಡಿ ಬೇಕು. ಒಂದು ಎಕ್ಸ್‌ಟ್ರಾ ಬೀಟ್ ತಪ್ಪು ಗಳಿಗೆಯಲ್ಲಿ ಬರಬೇಕು. ಆಗ ಕಲೆಯ ಒಂದು ದಾರಿ ಇನ್ನೂ ಚೇತರಿಸಿಕೊಂಡಿರುವುದಿಲ್ಲ, ಅಲೆ ಅಲ್ಲಿ ನಿಲ್ಲುತ್ತದೆ. ಇನ್ನೊಂದು ದಾರಿಯಲ್ಲಿ ನಿಧಾನವಾಗಿ ಹೋಗಿ ಆ ಕಡೆಯಿಂದ ತಿರುಗಿ ಬರುವಷ್ಟರಲ್ಲಿ ಮೊದಲ ದಾರಿ ತೆರೆದಿರುತ್ತದೆ. ಸುತ್ತು ಪೂರ್ತಿಯಾಯಿತು.

ಇದು ಹೊಸ ತಿಳಿವಳಿಕೆ ಅಲ್ಲ. ಜಾರ್ಜ್ ರಾಲ್ಫ್ ಮೈನ್ಸ್ ಅಂತ ಒಬ್ಬ ಇಂಗ್ಲಿಷ್ ಶರೀರಶಾಸ್ತ್ರಜ್ಞ ಇದ್ದ. ಹೃದಯದ ಸ್ನಾಯುವಿನ ಉಂಗುರದಲ್ಲಿ ಅಲೆ ಒಂದೇ ದಿಕ್ಕಿಗೆ ಸುತ್ತುತ್ತಲೇ ಇರುವುದನ್ನು 1913-14ರಲ್ಲೇ ತೋರಿಸಿದ. ಉಂಗುರವನ್ನು ಒಂದು ಕಡೆ ಕತ್ತರಿಸಿದರೆ ಸುತ್ತು ನಿಲ್ಲುತ್ತದೆ ಅಂತಲೂ ಬರೆದ. ತಪ್ಪು ಗಳಿಗೆಯಲ್ಲಿ ಬಿದ್ದ ಒಂದೇ ಒಂದು ಪ್ರಚೋದನೆ ಹೃದಯವನ್ನು ಕೆಡಿಸಬಲ್ಲದು ಅಂತ ಕಂಡವನೂ ಅವನೇ. 1914ರ ನವೆಂಬರ್‌ನಲ್ಲಿ ಮಾಂಟ್ರಿಯಲ್‌ನ ತನ್ನ ಲ್ಯಾಬಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದ, ಬದುಕಲಿಲ್ಲ. ಆಗ ಅವನಿಗೆ 28. ತನ್ನ ಮೇಲೇ ಪ್ರಯೋಗ ಮಾಡಿಕೊಂಡ ಅನ್ನುವ ಮಾತಿದೆ, ಸಾಬೀತಾಗಿಲ್ಲ. ಹೃದಯದ ಕರೆಂಟನ್ನು ಪರೀಕ್ಷಿಸುವ ನಮ್ಮ ಇಪಿ ಲ್ಯಾಬಿನಲ್ಲಿ ಇವತ್ತು ಮಾಡುವ ಕೆಲಸದ ಮೂಲ ತತ್ವ ಅವನ ಆ ಎರಡು ವರ್ಷದ ಬರಹದಲ್ಲೇ ಇದೆ.

ವಿಟಿ ಬಂದಾಗ ಅಪ್ಪಯ್ಯ ಬಿದ್ದಿದ್ದು ಯಾಕೆ? ನಿಮಿಷಕ್ಕೆ 200 ಬಡಿದರೆ ಕೆಳಕೋಣೆಗೆ ರಕ್ತ ತುಂಬಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ. ಮೊದಲೇ ಇಎಫ್ 30. ಅಂದರೆ ತುಂಬಿದ ರಕ್ತದಲ್ಲಿ ಪ್ರತಿ ಸಲ ಹೊರಗೆ ಹೋಗುವುದು ನೂರಕ್ಕೆ 30 ಭಾಗ, ಇರಬೇಕಾದದ್ದು 55ರ ಮೇಲೆ. ಎರಡೂ ಸೇರಿ ತಲೆಗೆ ರಕ್ತ ಸಾಲದಾಯಿತು. ಅವತ್ತು ಸುತ್ತು ತಾನಾಗೇ ಮುರಿದಿದೆ ಅಂತ ಕಾಣುತ್ತದೆ. ಅದು ಅದೃಷ್ಟ. ಮುರಿಯದೆ ಹೋದರೆ ಇನ್ನೊಂದು ಹಂತ ಇದೆ. ಸುತ್ತುವ ಅಲೆ ಸುರುಳಿಯಾಗುತ್ತದೆ, ಸುರುಳಿ ಒಡೆದು ಚೂರಾಗುತ್ತದೆ, ಪ್ರತಿ ಚೂರೂ ತನ್ನ ದಾರಿ ಹಿಡಿದು ಅಲೆಯುತ್ತದೆ. ಇಂಥ ಸುರುಳಿಗಳನ್ನು ವಿಜ್ಞಾನಿಗಳು 1992ರಲ್ಲಿ ಪ್ರಾಣಿಗಳ ಹೃದಯದ ಸ್ನಾಯುವಿಗೆ ವಿಶೇಷ ಬಣ್ಣ ಹಾಕಿ, ಕ್ಯಾಮೆರಾದಲ್ಲಿ ಹಿಡಿದು ತೋರಿಸಿದರು. ಆ ಹಂತದಲ್ಲಿ ಹೃದಯ ಬಡಿಯುವುದಿಲ್ಲ, ಬರೀ ನಡುಗುತ್ತದೆ. ಇದು ವಿಎಫ್. ಜನ "ಕೂತಲ್ಲೇ ಹೋದರು" ಅನ್ನುವ ಎಷ್ಟೋ ಸಾವುಗಳು ಇದೇ. ಹಾರ್ಟ್ ಅಟ್ಯಾಕ್ ಅಂದರೆ ರಕ್ತನಾಳ ಕಟ್ಟಿಕೊಳ್ಳುವುದು. ಇದು ಕಾರ್ಡಿಯಾಕ್ ಅರೆಸ್ಟ್. ಮೊದಲನೆಯದರಿಂದ ಎರಡನೆಯದು ಬರಬಹುದು, ಎರಡೂ ಒಂದೇ ಅಲ್ಲ.

ಈಗ 11 ಮತ್ತು 1,200ಕ್ಕೆ ಬರೋಣ. ನಿಮ್ಮ 1,200 ಕಿಡಿಗಳು ಬೀಳುತ್ತಿರುವುದು ಹಸಿ ನೆಲದ ಮೇಲೆ. ನಿಮ್ಮ ಹೃದಯದಲ್ಲಿ ಕಲೆ ಇಲ್ಲ, ಸುತ್ತುದಾರಿ ಇಲ್ಲ. ಕಿಡಿ ಬೀಳುತ್ತೆ, ಆರುತ್ತೆ. ಅಪ್ಪಯ್ಯನ 11 ಬರೀ ಕಿಡಿ ಅಲ್ಲ. ಅಲೆ ಅಷ್ಟು ಹೊತ್ತು ಒಳಗೆ ಸುತ್ತಿ ನೋಡಿದೆ ಅನ್ನುವ ಗುರುತು. ಹಾಗಾಗಿ ನಾವು ಕೇಳಬೇಕಾದ್ದು ಎಷ್ಟು ಎಕ್ಸ್‌ಟ್ರಾ ಬೀಟ್ ಅಂತ ಅಲ್ಲ, ಅವು ಎಂಥ ಹೃದಯದಲ್ಲಿ ಬರುತ್ತಿವೆ ಅಂತ.

ಈ ಮಾತು ವೈದ್ಯರಿಗೇ ಅರ್ಥವಾಗಿದ್ದು ದೊಡ್ಡ ಬೆಲೆ ತೆತ್ತ ಮೇಲೆ. 1980ರ ದಶಕದಲ್ಲಿ ಎಲ್ಲರ ನಂಬಿಕೆ ಒಂದೇ ಇತ್ತು. ಅಟ್ಯಾಕ್ ಆದವರಲ್ಲಿ ಎಕ್ಸ್‌ಟ್ರಾ ಬೀಟ್ ಇದ್ದರೆ ಸಾವು ಜಾಸ್ತಿ, ಹಾಗಾದರೆ ಮಾತ್ರೆ ಕೊಟ್ಟು ಬೀಟ್ ಅಡಗಿಸಿದರೆ ಸಾವೂ ಅಡಗುತ್ತದೆ. ಕೇಳಲು ಸರಿಯಾಗಿಯೇ ಇದೆ. ಕಾಸ್ಟ್ ಅನ್ನುವ ಅಧ್ಯಯನದಲ್ಲಿ ಇದನ್ನು ಪರೀಕ್ಷಿಸಿದರು. ಎನ್‌ಕೈನೈಡ್, ಫ್ಲೆಕೈನೈಡ್ ಅನ್ನುವ ಮಾತ್ರೆಗಳು ಬೀಟನ್ನು ಚೆನ್ನಾಗಿಯೇ ಅಡಗಿಸಿದವು. ಆದರೆ ಮಾತ್ರೆ ತಗೊಂಡ 755 ಜನರಲ್ಲಿ 63 ಮಂದಿ ಸತ್ತರು. ಔಷಧವೇ ಇಲ್ಲದ ಬರೀ ಸಕ್ಕರೆಮಾತ್ರೆ ತಗೊಂಡ 743 ಜನರಲ್ಲಿ 26 ಮಂದಿ. 1989ರಲ್ಲಿ ಆ ಮಾತ್ರೆಗಳನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಯಾಕೆ ಹೀಗಾಯಿತು ಅನ್ನುವುದಕ್ಕೆ ಮೇಲಿನ ಲೆಕ್ಕವೇ ಸಾಕು. ಆ ಮಾತ್ರೆಗಳು ಅಲೆಯ ವೇಗ ತಗ್ಗಿಸುತ್ತವೆ. ವೇಗ ತಗ್ಗಿದರೆ ಸುತ್ತಲು ಬೇಕಾದ ಜಾಗವೂ ತಗ್ಗುತ್ತದೆ. ಕಿಡಿ ಕಡಿಮೆಯಾಯಿತು, ಬಿದ್ದ ಕಿಡಿ ಹೊತ್ತಿಕೊಳ್ಳುವುದು ಸುಲಭವಾಯಿತು. "ಮಾತ್ರೆಯಲ್ಲೇ ಆಗೋದಿಲ್ವಾ" ಅಂತ ಕೇಳಿದಿರಲ್ಲ, ಅದಕ್ಕೇ ಈ ಕಥೆ ಹೇಳಿದೆ.

ಹಾಗಂತ ಮಾತ್ರೆ ಬೇಡ ಅಂತಲ್ಲ. ಅಪ್ಪಯ್ಯ ತಗೊಳ್ಳುತ್ತಿರುವ ಬೀಟಾ ಬ್ಲಾಕರ್, ಸಾಮಾನ್ಯವಾಗಿ ಮೆಟೊಪ್ರೊಲಾಲ್ ಅಥವಾ ಕಾರ್ವೆಡಿಲಾಲ್, ನಿಜಕ್ಕೂ ಜೀವ ಉಳಿಸುವ ಮಾತ್ರೆ. ಅದನ್ನು ಇದ್ದಕ್ಕಿದ್ದಂತೆ ನಿಲ್ಲಿಸಬಾರದು. "ಬಿಪಿ ಕಮ್ಮಿ ಇದೆ, ಎರಡು ದಿನ ಬಿಡೋಣ" ಅನ್ನುವುದೂ ಬೇಡ, ಡಾಕ್ಟರನ್ನು ಕೇಳಿಯೇ ಬಿಡಿ. ಹೃದಯದ ಬಲ ಹೆಚ್ಚಿಸುವ ಬೇರೆ ಮಾತ್ರೆಗಳೂ ಈಗ ಇವೆ. ಎಲ್ಲವೂ ಸರಿಯಾದ ಡೋಸಿಗೆ ಬಂದಿವೆಯಾ ಅಂತ ಕೇಳಿ.

ಇನ್ನೊಂದು ಅಮಿಯೊಡರೋನ್. ವಿಟಿ ತಡೆಯುವುದರಲ್ಲಿ ಇದಕ್ಕೆ ಹೆಸರಿದೆ. ಆದರೆ ಐಸಿಡಿ ಬದಲಿಗೆ ಇದೊಂದೇ ಸಾಕಾ? 2005ರಲ್ಲಿ ಪ್ರಕಟವಾದ, 2,521 ಜನರ ಒಂದು ದೊಡ್ಡ ಅಧ್ಯಯನ ಇದೆ. ಇಎಫ್ 35 ಅಥವಾ ಅದಕ್ಕಿಂತ ಕಡಿಮೆ ಇರುವವರು. ಅಮಿಯೊಡರೋನ್ ಕೊಟ್ಟವರಿಗೂ ಸಕ್ಕರೆಮಾತ್ರೆ ಕೊಟ್ಟವರಿಗೂ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಐಸಿಡಿ ಹಾಕಿದವರಲ್ಲಿ ಸಾವು ಶೇಕಡಾ 23ರಷ್ಟು ಕಡಿಮೆಯಾಯಿತು. ಜೊತೆಗೆ ಅಮಿಯೊಡರೋನ್ ಥೈರಾಯ್ಡ್, ಲಿವರ್, ಶ್ವಾಸಕೋಶಕ್ಕೆ ತೊಂದರೆ ಕೊಡಬಹುದು. ಕೊಟ್ಟರೆ ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಬೇಕು. ನಾನು ಇದನ್ನು ಬರೆಯುತ್ತೇನೆ, ಆದರೆ ಐಸಿಡಿ ಹಾಕಿದ ಮೇಲೂ ವಿಟಿ ಕಾಡಿದರೆ, ಇಲ್ಲವೇ ಐಸಿಡಿ ಖಂಡಿತ ಬೇಡ ಅಂದವರಿಗೆ.

ಐಸಿಡಿ ಅಂದರೆ ಏನು ಅನ್ನುವುದನ್ನು ಹೇಳದೆ ಹೆದರಿಸುವವರೇ ಜಾಸ್ತಿ. ಮಿಶೆಲ್ ಮಿರೋವ್ಸ್ಕಿ ಅನ್ನುವ ಡಾಕ್ಟರು ತಮ್ಮ ಹಿರಿಯ ಸಹೋದ್ಯೋಗಿಯೊಬ್ಬರನ್ನು ಇಂಥ ಬಡಿತಕ್ಕೆ ಕಳೆದುಕೊಂಡ ಮೇಲೆ ಇದರ ಹಿಂದೆ ಬಿದ್ದರು. 1980ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮೊದಲ ಸಲ ಮನುಷ್ಯನಿಗೆ ಅಳವಡಿಸಿದರು. ಆಗ ಎದೆ ತೆರೆಯಬೇಕಿತ್ತು. ಈಗ ಎಡ ಭುಜದ ಕೆಳಗೆ ಚರ್ಮದಡಿ ಒಂದು ಪುಟ್ಟ ಪೆಟ್ಟಿಗೆ, ಅದರಿಂದ ರಕ್ತನಾಳದೊಳಗೆ ಹೃದಯಕ್ಕೆ ಒಂದು ತಂತಿ. ಅದು ಪ್ರತಿ ಬಡಿತವನ್ನೂ ಗಮನಿಸುತ್ತಿರುತ್ತದೆ.

ವಿಟಿ ಬಂದರೆ ಮೊದಲು ಅದು ಶಾಕ್ ಕೊಡುವುದಿಲ್ಲ. ವಿಟಿಗಿಂತ ಸ್ವಲ್ಪ ಜೋರಾಗಿ ಕೆಲವು ಸಣ್ಣ ಬಡಿತಗಳನ್ನು ತಾನೇ ಕೊಡುತ್ತದೆ. ಕಾಡಿನಲ್ಲಿ ಎದುರು ಬೆಂಕಿ ಕೊಡುತ್ತಾರಲ್ಲ, ಅದೇ ಉಪಾಯ. ಸುತ್ತುವ ಅಲೆಯ ಮುಂದಿನ ಜಾಗವನ್ನು ಮೊದಲೇ ಸುಟ್ಟುಬಿಟ್ಟರೆ ಅದಕ್ಕೆ ಹೋಗಲು ದಾರಿಯಿಲ್ಲ. ಎಷ್ಟೋ ವಿಟಿಗಳು ಇಷ್ಟಕ್ಕೇ ನಿಲ್ಲುತ್ತವೆ. ನೋವಾಗುವುದಿಲ್ಲ, ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೂ ಬಗ್ಗದಿದ್ದರೆ, ಅಥವಾ ವಿಎಫ್ ಆದರೆ ಮಾತ್ರ ಶಾಕ್. ಶಾಕ್ ಇಡೀ ಬ್ಯಾಣವನ್ನು ಒಂದೇ ಕ್ಷಣದಲ್ಲಿ ಸುಟ್ಟ ಹಾಗೆ. ಯಾವ ಅಲೆಗೂ ಜಾಗ ಉಳಿಯುವುದಿಲ್ಲ, ಸೈನಸ್ ನೋಡ್ ಹೊಸದಾಗಿ ಶುರು ಮಾಡುತ್ತದೆ. ಎಚ್ಚರ ಇದ್ದಾಗ ಶಾಕ್ ಬಂದರೆ ಎದೆಗೆ ಒದ್ದ ಹಾಗೆ ಇರುತ್ತದೆ ಅಂತ ರೋಗಿಗಳು ಹೇಳುತ್ತಾರೆ. ಸುಳ್ಳು ಹೇಳಿ ಸಮಾಧಾನ ಮಾಡುವುದಿಲ್ಲ. ಆದರೆ ದಿನಾ ಬರುವುದಿಲ್ಲ. ವರ್ಷಗಟ್ಟಲೆ ಒಂದೂ ಶಾಕ್ ಬರದವರು ಬೇಕಾದಷ್ಟು ಮಂದಿ ಇದ್ದಾರೆ.

ತೊಂದರೆಗಳೂ ಇವೆ. ಪೆಟ್ಟಿಗೆ ಇಟ್ಟ ಜಾಗಕ್ಕೆ ಸೋಂಕು ತಗಲಿದರೆ ತಂತಿ ಸಮೇತ ಎಲ್ಲವನ್ನೂ ತೆಗೆಯಬೇಕಾಗಬಹುದು. ಹಾಕುವಾಗ ಶ್ವಾಸಕೋಶಕ್ಕೆ ತಾಗಬಹುದು, ತಂತಿ ಜರುಗಬಹುದು, ವರ್ಷಗಳಾದ ಮೇಲೆ ತುಂಡಾಗಬಹುದು. ಬೇಡದ ಹೊತ್ತಿನಲ್ಲಿ, ತಪ್ಪು ತಿಳಿದು ಶಾಕ್ ಕೊಡುವುದೂ ಇದೆ. ಸೆಟ್ಟಿಂಗ್ ಸರಿಯಾಗಿ ಮಾಡಿದರೆ ಇದು ತುಂಬಾ ಕಡಿಮೆಯಾಗುತ್ತದೆ. ಬ್ಯಾಟರಿ ಸುಮಾರು 7ರಿಂದ 10 ವರ್ಷ ಬರುತ್ತದೆ, ಆಮೇಲೆ ಪೆಟ್ಟಿಗೆ ಬದಲಿಸಬೇಕು. ಮುಖ್ಯವಾಗಿ, ಐಸಿಡಿಯಿಂದ ಇಎಫ್ ಏರುವುದಿಲ್ಲ, ಕಲೆ ಮಾಯುವುದಿಲ್ಲ, ವಿಟಿ ಬರುವುದೂ ನಿಲ್ಲುವುದಿಲ್ಲ. ಬಂದ ವಿಟಿಯಿಂದ ಸಾಯದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಶಾಕ್ ಕೊಡುವ ಮೊದಲು ಕೆಲವು ಸೆಕೆಂಡು ತಲೆಸುತ್ತು ಬಂದು ಬೀಳಲೂಬಹುದು. ಖರ್ಚು ಲಕ್ಷಗಳ ಲೆಕ್ಕದ್ದು. ನಿಮ್ಮ ಆಯುಷ್ಮಾನ್ ಕಾರ್ಡಿಗೆ ಎಷ್ಟು ಸಿಗುತ್ತದೆ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲೇ ಕೇಳಿ. ಜಯದೇವದಂಥ ಸರ್ಕಾರಿ ಸಂಸ್ಥೆಯಲ್ಲೂ ವಿಚಾರಿಸಿ. ತಂತಿಯನ್ನು ಹೃದಯದೊಳಗೆ ಬಿಡದೆ ಚರ್ಮದಡಿಯಲ್ಲೇ ಇಡುವ ಇನ್ನೊಂದು ನಮೂನೆಯೂ ಇದೆ. ಅದರಲ್ಲಿ ಎದುರು ಬೆಂಕಿ ಕೊಡುವ ಸೌಲಭ್ಯ ಇಲ್ಲ, ಹಾಗಾಗಿ ಅಪ್ಪಯ್ಯನಿಗೆ ನಾನು ಅದನ್ನು ಆರಿಸುವುದಿಲ್ಲ.

ಸುತ್ತುದಾರಿಯನ್ನೇ ಕೆಡಿಸುವ ಚಿಕಿತ್ಸೆ ಅಬ್ಲೇಷನ್. ತೊಡೆಯ ಸಂದಿಯ ರಕ್ತನಾಳದಿಂದ ತಂತಿ ಬಿಟ್ಟು, ಕಲೆಯ ನಕ್ಷೆ ತೆಗೆದು, ಆ ನಿಧಾನದ ಎಳೆಗಳನ್ನು ಹುಡುಕಿ ಶಾಖ ಕೊಟ್ಟು ಸುಡುತ್ತೇವೆ. ಅರಣ್ಯ ಇಲಾಖೆಯವರು ಬೆಂಕಿ ರೇಖೆ ಮಾಡುತ್ತಾರಲ್ಲ, ಹಾಗೆ. ಮೈನ್ಸ್ ಉಂಗುರ ಕತ್ತರಿಸಿದ್ದೂ ಇದೇ. ಒಳ್ಳೆಯ ಚಿಕಿತ್ಸೆ, ನನ್ನ ದಿನದ ಬಹುಪಾಲು ಅದರಲ್ಲೇ ಹೋಗುತ್ತದೆ. ಆದರೂ ಅಪ್ಪಯ್ಯನಿಗೆ ಅದನ್ನೇ ಮೊದಲು ಮಾಡಿ ಅನ್ನುವುದಿಲ್ಲ. ಒಂದು ದಾರಿ ಮುಚ್ಚಿದರೆ ಅದೇ ಕಲೆಯಲ್ಲಿ ಇನ್ನೊಂದು ದಾರಿ ತೆರೆಯಬಹುದು. ರಕ್ತಸ್ರಾವ, ಪಾರ್ಶ್ವವಾಯು, ಹೃದಯದ ಗೋಡೆಗೆ ತೂತು ಬೀಳುವ ಅಪಾಯಗಳು ಕಡಿಮೆ ಆದರೂ ಇವೆ. ಇಎಫ್ 30 ಇರುವವರಿಗೆ ಜೀವದ ಅಪಾಯವೂ ಸೊನ್ನೆ ಅಲ್ಲ. ಐಸಿಡಿ ಹಾಕಿದ ಮೇಲೆ ವಿಟಿ ಮತ್ತೆ ಮತ್ತೆ ಬಂದು ಶಾಕ್ ಆಗುತ್ತಿದ್ದರೆ ಅಬ್ಲೇಷನ್‌ಗೆ ತಡ ಮಾಡಬಾರದು.

ಮನೆಯವರಿಗೆ ಇನ್ನೂ ಅನುಮಾನ ಇದ್ದರೆ ಇಪಿ ಸ್ಟಡಿ ಅಂತ ಇದೆ. ಲ್ಯಾಬಿನಲ್ಲಿ, ಕೈಗೆಟುಕುವಲ್ಲಿ ಶಾಕ್ ಮಷೀನು ಇಟ್ಟುಕೊಂಡು, ಬೇಕೆಂದೇ ಎಕ್ಸ್‌ಟ್ರಾ ಬೀಟ್ ಕೊಟ್ಟು ವಿಟಿ ಬರುತ್ತದಾ ಅಂತ ನೋಡುತ್ತೇವೆ. ಬಂದರೆ ವಾದ ಮುಗಿಯಿತು. ಆದರೆ ಬರದಿದ್ದರೆ ಅಪಾಯ ಇಲ್ಲ ಅಂತ ಅಲ್ಲ. ಅದಕ್ಕೇ ನಿಮ್ಮ ಡಾಕ್ಟರು ನೇರವಾಗಿ ಐಸಿಡಿ ಅಂದಿರಬೇಕು.

ಸುಮ್ನೆ ಕಾದು ನೋಡುವುದೂ ಒಂದು ಆಯ್ಕೆ ಅಂತ ಲೆಕ್ಕಕ್ಕೆ ಹಿಡಿದರೆ, ಅದರ ಅಪಾಯವೂ ಗೊತ್ತಿರಲಿ. ವಿಎಫ್ ಆದಾಗ ಎದೆ ಒತ್ತದೆ, ಶಾಕ್ ಸಿಗದೆ ಹೋದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10 ಇಳಿಯುತ್ತದೆ. ನಿಮ್ಮ ತೋಟದಿಂದ ಸಾಗರದ ಆಸ್ಪತ್ರೆಗೆ ಎಷ್ಟು ಹೊತ್ತು ಅಂತ ನಿಮಗೇ ಗೊತ್ತು.

ಐಸಿಡಿ ಹಾಕುವ ತನಕ ಅಪ್ಪಯ್ಯ ಬೈಕು, ಜೀಪು ಓಡಿಸುವುದು ಬೇಡ. ಬಾವಿಕಟ್ಟೆ, ಕೆರೆ ಏರಿ, ಏಣಿ ಯಾವುದೂ ಒಬ್ಬರೇ ಬೇಡ. ಮನೆಯಲ್ಲಿ ಇಬ್ಬರಾದರೂ ಸಿಪಿಆರ್ ಕಲಿಯಿರಿ. ಅಪ್ಪಯ್ಯ ಬಿದ್ದು, ಕರೆದರೆ ಉತ್ತರ ಇಲ್ಲದೆ, ಉಸಿರು ಸರಿಯಾಗಿ ಇಲ್ಲದಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡಿ. ಇನ್ನೊಬ್ಬರು ಎದೆಯ ನಡುವೆ ಎರಡೂ ಕೈಯಿಂದ 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಅಂಬುಲೆನ್ಸ್ ಬರುವ ತನಕ ನಿಲ್ಲಿಸಬಾರದು. ಜೋರಾಗಿ ಕೆಮ್ಮಿದರೆ ಹೃದಯ ಸರಿಹೋಗುತ್ತದೆ ಅನ್ನುವ ವಾಟ್ಸ್‌ಆ್ಯಪ್ ಸಂದೇಶ ನಿಮಗೂ ಬಂದಿರುತ್ತದೆ. ಅದನ್ನು ನಂಬಿ ಕೂರಬೇಡಿ. ಪ್ರಜ್ಞೆ ಹೋದವರು ಕೆಮ್ಮುವುದಾದರೂ ಹೇಗೆ?

ಹಾಕಿಸಿದ ಮೇಲೂ ಬೈಕಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳು ರಜೆ. ಎಡಗೈಯನ್ನು ಮೊದಲ ಕೆಲವು ವಾರ ಭುಜಕ್ಕಿಂತ ಮೇಲೆ ಎತ್ತಬಾರದು. ಮೊಬೈಲನ್ನು ಎಡ ಜೇಬಿನಲ್ಲಿ ಇಡಬಾರದು, ಪೆಟ್ಟಿಗೆಯಿಂದ 15 ಸೆಂಟಿಮೀಟರ್ ದೂರ ಇರಲಿ. ಇಂಡಕ್ಷನ್ ಒಲೆಯಿಂದ ಎರಡಡಿ ದೂರ. ವೆಲ್ಡಿಂಗ್ ಕೆಲಸ ಬೇಡ. ತೋಟಕ್ಕೆ ಕರೆಂಟ್ ಬೇಲಿ ಹಾಕಿಸಿದ್ದರೆ ಅದನ್ನು ಮುಟ್ಟಲೇಬಾರದು, ಆ ಪಲ್ಸನ್ನು ವಿಎಫ್ ಅಂತ ತಿಳಿದು ಐಸಿಡಿ ಶಾಕ್ ಕೊಡಬಹುದು. ಟಿವಿ, ಮಿಕ್ಸಿ, ಫ್ರಿಜ್‌ನಿಂದ ತೊಂದರೆ ಇಲ್ಲ. ಒಂದು ಶಾಕ್ ಬಂದು ಆರಾಮಾಗಿದ್ದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಒಂದರ ಹಿಂದೆ ಒಂದು ಬಂದರೆ ನೇರ ಆಸ್ಪತ್ರೆಗೆ.

ಕೊನೆಗೆ ನಿಮ್ಮ ವಿಷಯ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಅದರಲ್ಲಿ 1,200 ಅಂದರೆ ನೂರಕ್ಕೆ ಒಂದು ಚಿಲ್ಲರೆ. ಈ ಪಾಲು ಹತ್ತಕ್ಕಿಂತ ಮೇಲೆ ಹೋಗಿ ವರ್ಷಗಟ್ಟಲೆ ಹಾಗೇ ಇದ್ದರೆ ಹೃದಯದ ಬಲ ಕುಗ್ಗಬಹುದು, ಆಗ ಚಿಕಿತ್ಸೆಯ ಮಾತು. ಈಗ ನಿಮಗೆ ಮಷೀನೂ ಬೇಡ, ಮಾತ್ರೆಯೂ ಬೇಡ. ನಿದ್ದೆಗೆಟ್ಟಾಗ, ಕಾಫಿ ಜಾಸ್ತಿಯಾದಾಗ, ಅಪ್ಪಯ್ಯನ ಬಗ್ಗೆ ಯೋಚಿಸುತ್ತಾ ರಾತ್ರಿ ಎಡಮಗ್ಗುಲಾಗಿ ಮಲಗಿದಾಗ ಧಸಕ್ ಅನ್ನುವುದು ಜಾಸ್ತಿ ಗೊತ್ತಾಗುತ್ತದೆ. ಅಪ್ಪಯ್ಯನ ವಿಟಿ ಹುಟ್ಟಿದ್ದು ಅಟ್ಯಾಕಿನ ಕಲೆಯಿಂದ, ಅದು ನಿಮಗೆ ಬಳುವಳಿಯಾಗಿ ಬರುವುದಿಲ್ಲ. ಎರಡು ವಿಷಯ ಮಾತ್ರ ಖಾತ್ರಿ ಮಾಡಿಕೊಳ್ಳಿ. ನಿಮ್ಮ ಮಾಮೂಲಿ ಇಸಿಜಿಯನ್ನು ಹೃದಯ ತಜ್ಞರು ನೋಡಿರಬೇಕು. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ, ಕಾರಣ ತಿಳಿಯದೆ, ಇದ್ದಕ್ಕಿದ್ದಂತೆ ಹೋಗಿದ್ದಾರಾ ಅಂತ ಅಜ್ಜಿಯನ್ನೋ ಅತ್ತೆಯನ್ನೋ ಕೇಳಿ. ಎಕೋದಲ್ಲಿ ಕಾಣದ, ಹುಟ್ಟಿನಿಂದಲೇ ಬರುವ ಕೆಲವು ಬಡಿತದ ಕಾಯಿಲೆಗಳು ಇವೆ, ಅವು ಮನೆತನದಲ್ಲಿ ಬರುತ್ತವೆ. ಓಡುವಾಗ, ಭಾರ ಹೊರುವಾಗ ಎದೆ ಹೊಡೆದುಕೊಂಡು ತಲೆ ತಿರುಗಿದರೆ ಅಥವಾ ಬಿದ್ದರೆ ತಕ್ಷಣ ತೋರಿಸಿ.

ನಿಮಗೆ ಬಳುವಳಿಯಾಗಿ ಬರಬಹುದಾದ್ದು ಬೇರೆ. ಅಪ್ಪಯ್ಯನಿಗೆ ಅಟ್ಯಾಕ್ ಆದಾಗ 54 ವರ್ಷ. ತಂದೆಗೆ 55ರ ಒಳಗೆ ಆಗಿದ್ದರೆ ಮಕ್ಕಳಿಗೆ ರಕ್ತನಾಳದ ಕಾಯಿಲೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ ಅಂತ ಹಿಡಿಯುತ್ತೇವೆ. ನಿಮಗೆ ಅಣ್ಣ ತಮ್ಮ ಇದ್ದರೆ ಅವರನ್ನೂ ಸೇರಿಸಿ ಕೊಲೆಸ್ಟ್ರಾಲ್, ಶುಗರ್, ಬಿಪಿ ನೋಡಿಸಿ. ಸಾಗರದಲ್ಲೇ ಆಗುತ್ತದೆ, ಇದಕ್ಕಾಗಿ ಶಿವಮೊಗ್ಗಕ್ಕೆ ಹೋಗಬೇಕಾಗಿಲ್ಲ.